ಬದುಕಿ ಉಳಿದವರಿಗೆ ಕಲ್ಲಿಲ್ಲ

ಕೋಲಾರ ಜಿಲ್ಲೆಯ ವೀರಗಲ್ಲುಗಳ ಮೇಲೆ ನಾನು ಸಂಶೋಧನೆಗೆ ತೊಡಗಿ ನಾಲ್ಕು ವರ್ಷವಾಯಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸುತ್ತುವಾಗ ಕೆರೆ ಏರಿಯ ಮೇಲೋ, ಹುಣಸೆ ಮರದ ಬುಡದಲ್ಲೋ, ರಾಗಿ ಹೊಲದ ಬದುವಿನಲ್ಲೋ ಒಂದು ಕಲ್ಲು ಸಿಕ್ಕೇ ಸಿಗುತ್ತದೆ. ಅದರ ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಪೂರ್ತಿ ಈ ಜಿಲ್ಲೆಯ ಶಾಸನಗಳದ್ದು. ಊರು ಕಾದು ಸತ್ತವರು, ತುರು ಬಿಡಿಸಿ ಸತ್ತವರು ಅದರಲ್ಲಿ ಸಾಲುಸಾಲಾಗಿ ಇದ್ದಾರೆ.

ಒಂದು ಸಲ ಊರಿಗೆ ಹೋದಾಗ ಇಂಥ ಕಲ್ಲೊಂದರ ಫೋಟೋವನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಏನಮ್ಮಾ, ಇವನ ಪಕ್ಕದಲ್ಲಿ ನಿಂತಿದ್ದೋನು ಏನಾದ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಯಾಕೆ ಹಾಗೆ ಕೇಳಿದರು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಸತ್ತವನಿಗೆ ವೀರಗಲ್ಲು. ಅವನ ಮನೆಯವರಿಗೆ ಭೂಮಿ ಕೊಟ್ಟರೆ ಅದು ನೆತ್ತರುಕೊಡಗೆ. ಗಂಡನೊಡನೆ ಸತ್ತ ಹೆಂಡತಿಗೆ ಬಳೆ ತೊಟ್ಟ ಕೈ ಎತ್ತಿ ನಿಂತ ಮಾಸ್ತಿಕಲ್ಲು. ಮಾಸ್ತಿ ಎಂದರೆ ಮಹಾಸತಿ. ಮಾಲೂರು ತಾಲ್ಲೂಕಿನ ಮಾಸ್ತಿ ಎಂದೊಡನೆ ನಮಗೆ ವೆಂಕಟೇಶ ಅಯ್ಯಂಗಾರ್ಯರು ನೆನಪಾಗುತ್ತಾರೆ. ಆ ಪದದೊಳಗೆ ಬೆಂದವಳನ್ನು ಮರೆತಿರುತ್ತೇವೆ. ಒಟ್ಟಿನಲ್ಲಿ ಕಲ್ಲು ಬೇಕಿದ್ದರೆ ಸಾಯಬೇಕು. ಅದೇ ಕಾಳಗದಿಂದ ಬದುಕಿ ಬಂದು, ರಾತ್ರಿ ಕಿರುಚಿ ಎದ್ದು ಕೂತವನಿಗೆ, ಬೆಂಕಿಯಿಂದ ಹಿಂದೆ ಸರಿದು ಬಾಳಿದವಳಿಗೆ ಕಲ್ಲಿಲ್ಲ.

ಇಂಥವರ ಅವಸ್ಥೆಗೆ ವೈದ್ಯಶಾಸ್ತ್ರ ಹೆಸರಿಟ್ಟದ್ದೂ ತಡವಾಗಿಯೇ. ಮೊದಲ ಮಹಾಯುದ್ಧದ ಸೈನಿಕರನ್ನು ನೋಡಿ 1915ರಲ್ಲಿ ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’ ಬಗ್ಗೆ ಬರೆದ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಸೇರಿತು. ಕಳೆದದ್ದು ಮತ್ತೆ ಮತ್ತೆ ಈಗಲೇ ನಡೆದಂತೆ ಮರಳುವುದು, ಅದನ್ನು ನೆನಪಿಸುವ ಜಾಗ ಜನರಿಂದ ದೂರ ಓಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. ಆದರೆ ಕಥೆಗಾರರು ವೈದ್ಯರಿಗಾಗಿ ಕಾಯಲಿಲ್ಲ. ವರ್ಜೀನಿಯಾ ವುಲ್ಫ್ 1925ರಲ್ಲೇ ‘ಮಿಸೆಸ್ ಡ್ಯಾಲೋವೆ’ಯಲ್ಲಿ ಸೆಪ್ಟಿಮಸ್ ಎಂಬ ಮಾಜಿ ಸೈನಿಕನನ್ನು ಬರೆದಳು, ಸತ್ತ ಗೆಳೆಯ ಅವನಿಗೆ ಲಂಡನ್ನಿನ ಪಾರ್ಕಿನಲ್ಲಿ ಕಾಣುತ್ತಾನೆ. ನಮ್ಮ ಕಡೆಯ ಕಥೆಗಳು ಇನ್ನೂ ಹಳೆಯವು.

ಕೋಲಾರದಿಂದಲೇ ಶುರುಮಾಡೋಣ. ಗಂಗರ ಶಾಸನಗಳಲ್ಲಿ ಈ ಊರು ಕುವಲಾಲ. ಜನರ ಬಾಯಲ್ಲಿ ಮಾತ್ರ, ಪರಶುರಾಮ ಕಾರ್ತವೀರ್ಯಾರ್ಜುನನನ್ನು ಕೊಂದಾಗ ಎದ್ದ ಕೋಲಾಹಲದಿಂದ ಇದು ಕೋಲಾಹಲಪುರ. ಒಂದು ಊರು ತನ್ನ ಹೆಸರನ್ನು ಕಿರುಚಾಟದಿಂದ ಪಡೆದೆನೆಂದು ಹೇಳಿಕೊಳ್ಳುವುದೇ ಸಣ್ಣ ವಿಷಯವಲ್ಲ. ಪರಶುರಾಮ ಕ್ಷತ್ರಿಯರನ್ನು 21 ಸಲ ಕೊಂದ. ಒಮ್ಮೆ ಕೊಂದರೆ ಸೇಡು. 21 ಸಲ ಕೊಲ್ಲುವವನು ಮುಗಿಯದ ಯಾವುದೋ ಒಂದು ದಿನದೊಳಗೆ ಸಿಕ್ಕಿಬಿದ್ದಿದ್ದಾನೆ.

ಅದು ಯಾವ ದಿನ? ಅಪ್ಪ ಜಮದಗ್ನಿ ಕೊಲೆಯಾದ ದಿನ ಎಂದು ಕಥೆ ಹೇಳುತ್ತದೆ. ಆದರೆ ಅದಕ್ಕೂ ಮೊದಲು ಇನ್ನೊಂದು ದಿನವಿತ್ತು. ಅಪ್ಪನ ಮಾತಿಗೆ ಅವನು ತಾಯಿ ರೇಣುಕೆಯ ತಲೆ ಕಡಿದಿದ್ದ. ಮೆಚ್ಚಿದ ಅಪ್ಪ ವರ ಕೇಳು ಎಂದಾಗ ಅವನು ಕೇಳಿದ್ದು ಮಹಾಭಾರತದ ವನಪರ್ವದಲ್ಲಿದೆ: ತಾಯಿ ಬದುಕಬೇಕು, ತನ್ನನ್ನು ಕೊಂದದ್ದು ಅವಳಿಗೆ ನೆನಪಿರಬಾರದು, ತನಗೆ ಪಾಪ ತಟ್ಟಬಾರದು. ತಾಯಿಗೆ ಮರೆವನ್ನು ಕೇಳಿದ ಮಗ ತನಗಾಗಿ ಮರೆವನ್ನು ಕೇಳಲಿಲ್ಲ. ಪಾಪ ತಟ್ಟಲಿಲ್ಲ, ನೆನಪು ಉಳಿಯಿತು. ಸಮಂತಪಂಚಕದಲ್ಲಿ ರಕ್ತದ ಐದು ಮಡುಗಳನ್ನು ತುಂಬಿದ ಮೇಲೆ ಪಿತೃಗಳೇ ಬಂದು ‘ಸಾಕು ಬಿಡು’ ಎನ್ನಬೇಕಾಯಿತು.

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹವಿದೆ, ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಕಾಡಿಗೆ ಬಿಟ್ಟ ಸೀತೆ ಇಲ್ಲಿನ ವಾಲ್ಮೀಕಿ ಆಶ್ರಮದಲ್ಲೇ ಲವಕುಶರನ್ನು ಹೆತ್ತಳೆಂದು ನಂಬಿಕೆ. ಆ ಸೀತಾಪರಿತ್ಯಾಗದ ಕಥೆಯನ್ನು ಕನ್ನಡಿಗರು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಓದಿ ಕಣ್ಣೀರು ಹಾಕಿದ್ದಾರೆ. ಸಂಸ್ಕೃತದ ಭವಭೂತಿ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲೇ ಒಂದು ದೃಶ್ಯ ಇಟ್ಟಿದ್ದಾನೆ. ಲಕ್ಷ್ಮಣ ವನವಾಸದ ಚಿತ್ರಗಳನ್ನು ತೋರಿಸುತ್ತಿದ್ದಾನೆ. ಶೂರ್ಪನಖಿಯ ಚಿತ್ರ ಬಂದಾಗ ಸೀತೆ ಹೆದರುತ್ತಾಳೆ; ಇದು ಬರೀ ಚಿತ್ರ ಎಂದು ರಾಮ ಸಮಾಧಾನ ಮಾಡುತ್ತಾನೆ. ಸ್ವಲ್ಪ ಹೊತ್ತಿಗೆ ಜನಸ್ಥಾನದ ಚಿತ್ರ ನೋಡಿ ಅವನೇ ಅಳುತ್ತಾನೆ. ಬಣ್ಣದ ಗೋಡೆಯೊಂದು ಕಳೆದ ಕಾಲವನ್ನು ಈ ಕ್ಷಣಕ್ಕೆ ತಂದು ನಿಲ್ಲಿಸುವುದನ್ನು ಅವನು ಸುಮಾರು ಎಂಟನೆಯ ಶತಮಾನದಲ್ಲೇ ಕಂಡಿದ್ದ.

ಆದರೆ ಸೀತೆಯ ಕೊನೆಯ ಹೆಜ್ಜೆಯ ಬಗ್ಗೆ ಎಚ್ಚರ ಬೇಕು. ರಾಮಾಯಣದ ಉತ್ತರಕಾಂಡದಲ್ಲಿ, ತುಂಬಿದ ಸಭೆಯಲ್ಲಿ ಮತ್ತೊಮ್ಮೆ ಪ್ರಮಾಣ ಮಾಡೆಂದಾಗ ಅವಳು ಭೂಮಿಯನ್ನು ಕರೆದು ಒಳಗೆ ಹೋಗುತ್ತಾಳೆ. ಲಕ್ಷಣಗಳ ಪಟ್ಟಿ ಹಿಡಿದವರು ಇದನ್ನು ‘ತಪ್ಪಿಸಿಕೊಳ್ಳುವಿಕೆ’ ಎಂದು ಗುರುತು ಹಾಕಬಹುದು. ನಾನು ಒಪ್ಪುವುದಿಲ್ಲ. ಒಂದು ಸಲ ಬೆಂಕಿ ದಾಟಿದವಳು ಎರಡನೆಯ ಸಲ ‘ಇಲ್ಲ’ ಎಂದರೆ ಅದು ರೋಗವಲ್ಲ, ತೀರ್ಪು. ನೋವಿಗೆ ಹೆಸರು ಕೊಡುವ ಭರದಲ್ಲಿ ನೊಂದವರ ವಿವೇಕವನ್ನು ಕಿತ್ತುಕೊಳ್ಳಬಾರದು.

ಮೂರನೆಯವಳು ದ್ರೌಪದಿ. ಸಭೆಯಲ್ಲಿ ಎಳೆದಾಡಿದ ಮುಡಿಯನ್ನು ಅವಳು ಕಟ್ಟದೆ ಉಳಿದದ್ದನ್ನು ರನ್ನನ ‘ಗದಾಯುದ್ಧ’ ಕೊನೆಯವರೆಗೂ ಹಿಡಿದಿಟ್ಟುಕೊಂಡಿದೆ. 13 ವರ್ಷ ಅವಳ ಮೈಯೇ ಆ ದಿನದ ನೆನಪು ಹೊತ್ತಿತ್ತು. ಅಷ್ಟು ಸಾಲದೆಂಬಂತೆ ವಿರಾಟನ ಸಭೆಯಲ್ಲಿ ಕೀಚಕ ಒದ್ದಾಗ ಎಲ್ಲವೂ ಮರುಕಳಿಸಿತು: ಮತ್ತೆ ರಾಜಸಭೆ, ಮತ್ತೆ ಸುಮ್ಮನೆ ಕೂತ ಹಿರಿಯರು, ಮತ್ತೆ ನೋಡುತ್ತಾ ನಿಂತ ಧರ್ಮರಾಯ.

ಅದೇ ದ್ರೌಪದಿಯನ್ನು ಕೋಲಾರ, ಮಾಲೂರು, ಮುಳಬಾಗಿಲಿನಲ್ಲಿ ಕರಗದ ರಾತ್ರಿ ನೋಡಬೇಕು. ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತವನು ಹೆಣ್ಣಿನ ಉಡುಗೆಯಲ್ಲಿ ಬೀದಿಗೆ ಬರುತ್ತಾನೆ, ಕತ್ತಿ ಹಿಡಿದ ವೀರಕುಮಾರರು ಸುತ್ತಲೂ ಕಾವಲಿರುತ್ತಾರೆ. ಅಂದು ಸಭೆಯಲ್ಲಿ ಅವಳ ಪರವಾಗಿ ಒಂದು ಕತ್ತಿಯೂ ಮೇಲೇಳಲಿಲ್ಲ. ಇಲ್ಲಿ ಊರಿಗೆ ಊರೇ ಎದ್ದು ಅವಳಿಗೆ ದಾರಿ ಬಿಡುತ್ತದೆ. ಜುಡಿತ್ ಹರ್ಮನ್ 1992ರಲ್ಲಿ ಬರೆದ ‘ಟ್ರಾಮಾ ಆ್ಯಂಡ್ ರಿಕವರಿ’ ಪುಸ್ತಕದಲ್ಲಿ ಚೇತರಿಕೆಗೆ ಮೂರು ಹಂತ ಹೇಳುತ್ತಾರೆ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಜನರೊಡನೆ ಮತ್ತೆ ಬೆರೆಯುವುದು. ಕರಗ ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ; ಅದು ಭಕ್ತಿ. ಆದರೆ ನೊಂದವಳನ್ನು ಒಂಟಿಯಾಗಿ ನಡೆಯಲು ಬಿಡಬಾರದೆಂಬ ತಿಳಿವಳಿಕೆ ಆ ಮೆರವಣಿಗೆಯಲ್ಲಿದೆ.

ಭಕ್ತರಿಗೆ ಇವರು ದೇವರು, ಸಾಹಿತ್ಯದ ವಿದ್ಯಾರ್ಥಿಗೆ ಪಾತ್ರಗಳು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇವರು ಕಲ್ಲು ಹೇಳದೆ ಬಿಟ್ಟದ್ದರ ಸಾಕ್ಷಿಗಳು. ಬದುಕಿ ಬಂದವರ ಬೆಚ್ಚುವಿಕೆ, ಕೋಪ, ಮೌನಗಳನ್ನು ಈ ಸೀಮೆಯ ಜನ ಹತ್ತಿರದಿಂದ ನೋಡಿರದಿದ್ದರೆ ಈ ಕಥೆಗಳನ್ನು ತಮ್ಮೂರ ಬೆಟ್ಟಕ್ಕೆ, ಬೀದಿಗೆ, ಹೆಸರಿಗೆ ಕಟ್ಟಿಕೊಳ್ಳುತ್ತಿದ್ದರೇ?

ಈಗ ದೊಡ್ಡಪ್ಪನ ಮಾತು. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ, ಮನೆಯಲ್ಲಿ ತೆಲುಗೂ ಕನ್ನಡವೂ ಬೆರೆತ ಮಾತು. ದೊಡ್ಡಪ್ಪ ವಯಸ್ಸಿನಲ್ಲಿ ಕಲ್ಲು ಕ್ವಾರಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಬೆಳಗ್ಗೆ ಮದ್ದು ಹೊತ್ತಿಗೆ ಮುಂಚೆಯೇ ಸಿಡಿದು ಪಕ್ಕದಲ್ಲಿದ್ದವನು ಸತ್ತ. ಇವರಿಗೆ ಒಂದು ಗಾಯವೂ ಆಗಲಿಲ್ಲ. ಅಂದಿನಿಂದ ಊರಜಾತ್ರೆಯ ಪಟಾಕಿ ಶುರುವಾಗುವ ಮೊದಲೇ ಕಂಬಳಿ ಹೊದ್ದು ಮಾವಿನ ತೋಪಿಗೆ ಹೋಗಿ ಮಲಗುತ್ತಾರೆ. ಅಜ್ಜಿ ಅದಕ್ಕೆ ‘ದಡುಪು’ ಎನ್ನುತ್ತಿದ್ದಳು. ತಾಯಿತ ಕಟ್ಟಿಸಿದಳು, ವಿಭೂತಿ ಹಚ್ಚಿದಳು. ಚಿಕ್ಕವರಾದ ನಾವು ‘ಪುಕ್ಕಲು ದೊಡ್ಡಪ್ಪ’ ಎಂದು ನಗುತ್ತಿದ್ದೆವು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಳೆದ ಜಾತ್ರೆಯಲ್ಲಿ ನಾನೂ ಅವರ ಜೊತೆ ತೋಪಿಗೆ ಹೋದೆ. ಊರ ಕಡೆಯಿಂದ ಪಟಾಕಿ ಸದ್ದು ಕೇಳಿದಾಗಲೆಲ್ಲ ಅವರ ಕೈ ಕಂಬಳಿಯನ್ನು ಬಿಗಿಹಿಡಿಯುತ್ತಿತ್ತು. ನಡುರಾತ್ರಿಯ ಹೊತ್ತಿಗೆ, ನಾನು ಕೇಳದೆಯೇ, ಸತ್ತವನ ಹೆಸರು ಹೇಳಿದರು. ಅವನು ಬುತ್ತಿಗೆ ಏನು ತರುತ್ತಿದ್ದ, ಯಾವ ಹಾಡು ಹೇಳುತ್ತಿದ್ದ ಎಂದು ಬೆಳಗಿನವರೆಗೂ ಹೇಳಿದರು. ಪುಸ್ತಕ, ಪೆನ್ನು ನನ್ನ ಚೀಲದಲ್ಲೇ ಇದ್ದವು. ನಾನು ತೆಗೆಯಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.