ಆಗಸದ ಹೇನು

ವಿಮಾನವೆಂಬುದು ಸೇನೆಗಳಿಗೂ ಸಿರಿವಂತರಿಗೂ ಮೀಸಲಾದ ವಾಹನವೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಉಳಿ ಕರಗಸಗಳನ್ನು ಹದವಾಗಿ ಹಿಡಿಯಬಲ್ಲ ಯಾವ ಗೃಹಸ್ಥನಾದರೂ ತನ್ನ ಮನೆಯ ಕೋಣೆಯಲ್ಲಿಯೇ ಒಂದು ವಿಮಾನವನ್ನು ಕಟ್ಟಿ, ತಾನೇ ಅದನ್ನೇರಿ ಹಾರಬಹುದೆಂದು ಸಾರಿ, ಸಾರಿದುದನ್ನು ಮಾಡಿಯೂ ತೋರಿಸಿದವನು ಫ್ರಾನ್ಸ್ ದೇಶದ ಆನ್ರಿ ಮಿನ್ಯೆ. ಈ ಹಂಬಲ ಅವನಿಗಿಂತ ಮೊದಲೇ ಇದ್ದಿತು. ಬ್ರೆಜಿಲ್ಲಿನ ಸಾಂತೋಸ್ ಡುಮಾಂಟನು ತನ್ನ ಪುಟ್ಟ ‘ದೆಮ್ವಾಸೆಲ್’ ವಿಮಾನದ ನಕ್ಷೆಗಳನ್ನು ಯಾವ ಹಕ್ಕನ್ನೂ ಕಾದಿರಿಸಿಕೊಳ್ಳದೆ ಲೋಕಕ್ಕೆ ಒಪ್ಪಿಸಿದ್ದನು. ಅಮೆರಿಕದ ಮಿನೆಸೋಟ ಪ್ರಾಂತದ ಚೆರ್ರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟೆನ್‌ಪೋಲನು ಫೋರ್ಡ್ ಕಾರಿನ ಎಂಜಿನ್ನನ್ನೇ ಮರದ ವಿಮಾನಕ್ಕೆ ಜೋಡಿಸಿ 1930ರ ಸುಮಾರಿಗೆ ಹಾರಾಡುತ್ತಿದ್ದನು. ಆದರೆ ಸಾಮಾನ್ಯ ಜನರ ಮನಸ್ಸನ್ನು ಆಗಸದ ಕಡೆಗೆ ತಿರುಗಿಸಿದ ಕೀರ್ತಿಯೂ, ಅದರ ಬೆನ್ನಿಗೇ ಬಂದ ಶೋಕದ ಹೊರೆಯೂ ಮಿನ್ಯೆಯ ಪಾಲಿಗೇ ಬಂದವು.

1893ರಲ್ಲಿ ಜನಿಸಿದ ಈತನಿಗೆ ವಾಡಿಕೆಯ ವಿಮಾನಗಳನ್ನು ನಡೆಸುವ ವಿದ್ಯೆ ಒಗ್ಗಲಿಲ್ಲ. ಕೈಯ ದಂಡವನ್ನೂ ಕಾಲಿನ ಪೆಡಲುಗಳನ್ನೂ ಏಕಕಾಲದಲ್ಲಿ, ಪರಸ್ಪರ ಹೊಂದುವಂತೆ ಆಡಿಸಬೇಕೆಂಬುದು ಮನುಷ್ಯಸ್ವಭಾವಕ್ಕೆ ವಿರುದ್ಧವಾದುದೆಂದೂ, ತಿದ್ದಬೇಕಾದುದು ಯಂತ್ರವನ್ನೇ ಎಂದೂ ಆತನು ಬಗೆದನು. ಅನೇಕ ವಿಫಲ ಪ್ರಯೋಗಗಳ ಬಳಿಕ, ಪತ್ನಿಯೊಡನೆ ಸ್ವಾಸೊಂ ಪಟ್ಟಣದ ಬಳಿಯ ಕಾಡಿನ ಬಯಲಿನಲ್ಲಿ ಗುಡಾರ ಹೂಡಿಕೊಂಡಿದ್ದು, 1933ರ ಸೆಪ್ಟೆಂಬರ್ 10ರಂದು ಆತನು ತನ್ನ ಹದಿನಾಲ್ಕನೆಯ ವಿನ್ಯಾಸವನ್ನು ನೆಲದಿಂದ ಮೇಲೆಬ್ಬಿಸಿದನು. ಅದರ ಹೆಸರು ‘ಪೂ ದ್ಯು ಸಿಯೆಲ್’, ಎಂದರೆ ಆಗಸದ ಹೇನು. ಫೋರ್ಡ್ ಕಂಪನಿಯ ಅಗ್ಗದ ಮೋಟಾರನ್ನು ಫ್ರೆಂಚರು ರಸ್ತೆಯ ಹೇನೆಂದು ಕರೆಯುತ್ತಿದ್ದರು. ಆ ವಾಹನ ಬೀದಿಯಲ್ಲಿ ಸಾಧಿಸಿದುದನ್ನು ತನ್ನದು ಆಕಾಶದಲ್ಲಿ ಸಾಧಿಸಲೆಂಬುದು ನಾಮಕರಣದ ಆಶಯ. ಇಂಗ್ಲಿಷರ ಬಾಯಲ್ಲಿ ಆ ಹೇನು ಚಿಗಟವಾಯಿತು.

ಯಂತ್ರವಾದರೋ ನೋಡಿದವರು ಆಟಿಕೆಯೆಂದು ಭ್ರಮಿಸುವಷ್ಟು ಚಿಕ್ಕದು. ಒಂದರ ಹಿಂದೊಂದು ಎರಡು ರೆಕ್ಕೆಗಳು, ಮುಂದಿನದರ ಹರವು ಸುಮಾರು 6 ಮೀಟರು. ಪ್ಲೈವುಡ್ಡಿನ ಒಡಲು, ಬಟ್ಟೆ ಹೊದಿಸಿದ ರೆಕ್ಕೆ, ಮೂಗಿನಲ್ಲಿ ಮೋಟಾರ್ ಸೈಕಲ್ಲಿಗೆ ತಕ್ಕುದೆನ್ನಬಹುದಾದ, ಸುಮಾರು 17 ಅಶ್ವಶಕ್ತಿಯ ಎಂಜಿನ್. ಕಾಲಿಗೆ ಪೆಡಲುಗಳಿಲ್ಲ. ದಂಡವನ್ನು ಪಕ್ಕಕ್ಕೆ ವಾಲಿಸಿದರೆ ಬಾಲದ ಚುಕ್ಕಾಣಿ ತಿರುಗುವುದು. ಹಿಂದಕ್ಕೆಳೆದರೆ ಮುಂದಿನ ರೆಕ್ಕೆಯೇ ಇಡಿಯಾಗಿ ತನ್ನ ಕೀಲಿನ ಮೇಲೆ ಹೊರಳಿ ಮುಂಬದಿಯನ್ನು ಮೇಲಕ್ಕೆತ್ತುವುದು. ಇಷ್ಟೇ ಸೂತ್ರ, ಸೈಕಲ್ಲು ಕಲಿತವನಿಗೆ ಇದು ಕಷ್ಟವಾಗದು.

ಈ ವಿಮಾನವನ್ನು ಮಾರಿ ಹಣ ಮಾಡುವ ಬದಲಿಗೆ, 1934ರಲ್ಲಿ ಒಂದು ಪುಸ್ತಕವನ್ನು ಬರೆದು, ಮರವನ್ನು ಆಯುವುದರಿಂದ ಮೊದಲ್ಗೊಂಡು ಹಾರಲು ಕಲಿಯುವವರೆಗೆ ಸಮಸ್ತವನ್ನೂ ಗೆಳೆಯನೊಬ್ಬನು ಗೆಳೆಯನಿಗೆ ಹೇಳುವಂತೆ ಆತನು ತಿಳಿಸಿದನು. ಅದರ ಇಂಗ್ಲಿಷ್ ಅನುವಾದ 1935ರಲ್ಲಿ ಹೊರಬಿದ್ದಾಗ ಸಾವಿರಾರು ಪ್ರತಿಗಳು ಕೆಲವೇ ವಾರಗಳಲ್ಲಿ ಖರ್ಚಾದವು. ಅದೇ ವರ್ಷದ ಆಗಸ್ಟಿನಲ್ಲಿ ಮಿನ್ಯೆ ಸ್ವತಃ ತನ್ನ ಹೇನಿನಲ್ಲಿ ಕುಳಿತು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿಬಂದನು. ಬ್ರಿಟನ್ನಿನ ಕಾರುಕೊಟ್ಟಿಗೆಗಳಲ್ಲಿ, ಹಿತ್ತಲ ಚಪ್ಪರಗಳಲ್ಲಿ, ಕೆಲವೆಡೆ ಮಲಗುವ ಕೋಣೆಗಳಲ್ಲಿ ಕೂಡ ಅಂಟಿನ ವಾಸನೆ ಏಳತೊಡಗಿತು. ಹಾರಾಟದ ಅನುಮತಿಗೆಂದು ದಾಖಲಾದ ಹೇನುಗಳೇ ನೂರಕ್ಕೂ ಮಿಕ್ಕಿದ್ದವು.

1936ರಲ್ಲಿ ಸಾವುಗಳು ಸಂಭವಿಸಿದವು. ಒಂದಾದ ಮೇಲೊಂದು ಬಂದ ವರದಿಗಳ ರೀತಿ ಒಂದೇ: ವಿಮಾನವು ಮೂಗನ್ನು ಕೆಳಗೆ ಮಾಡಿ ಇಳಿಯತೊಡಗಿತು, ಮತ್ತೆ ಮೇಲೆತ್ತಲಿಲ್ಲ, ನೆಲಕ್ಕೆ ಬಡಿಯಿತು. ನುರಿತ ವಿಮಾನ ಚಾಲಕರೂ ಹೀಗೆಯೇ ಮಡಿದುದರಿಂದ ಅನನುಭವವೆಂಬ ಸಮಾಧಾನಕ್ಕೆ ಎಡೆಯಿರಲಿಲ್ಲ. ಫ್ರಾನ್ಸಿನ ಶಾಲೇ ಮ್ಯೂದೊಂನಲ್ಲಿಯೂ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿಯೂ ಇಡೀ ವಿಮಾನವನ್ನೇ ವಾಯುಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ತಿಳಿದುಬಂದ ಸತ್ಯ ಭೀಕರವಾದುದು. ಮುಂದಿನ ರೆಕ್ಕೆಯ ಹಿಂಬದಿಗೂ ಹಿಂದಿನ ರೆಕ್ಕೆಯ ಮುಂಬದಿಗೂ ನಡುವೆ ಒಂದು ಕಿರಿದಾದ ಸಂದು. ವಿಮಾನ ಸುಮಾರು 15 ಡಿಗ್ರಿಗಳಿಗಿಂತ ಹೆಚ್ಚು ಮುಂದಕ್ಕೆ ಬಾಗಿದಾಗ, ಪ್ರಾಣಭೀತಿಯಿಂದ ಚಾಲಕನು ದಂಡವನ್ನು ತನ್ನೆಡೆಗೆ ಎಳೆದನೆಂದರೆ, ಮುಂದಿನ ರೆಕ್ಕೆಯ ಹಿಂಬದಿ ತಗ್ಗಿ ಆ ಸಂದು ಇನ್ನಷ್ಟು ಕಿರಿದಾಗುವುದು; ಅದರೊಳಗಿನಿಂದ ನುಗ್ಗಿದ ಗಾಳಿ ಹಿಂದಿನ ರೆಕ್ಕೆಯನ್ನು ಮೇಲೆತ್ತುವುದು; ಬಾಲ ಏರುವುದು, ಮೂಗು ಮತ್ತಷ್ಟು ಇಳಿಯುವುದು. ಬದುಕಲೆಂದು ಎಳೆದ ಕೈಯೇ ಕೊಲ್ಲುತ್ತಿದ್ದಿತು.

ಬ್ರಿಟನ್ನಿನ ಅಧಿಕಾರಿಗಳು ಹಾರಾಟದ ಅನುಮತಿಯನ್ನು ನಿಲ್ಲಿಸಿದರು. ಮಿನ್ಯೆಯನ್ನು ಮೋಸಗಾರನೆಂದವರೂ ಉಂಟು. ಆ ಮಾತು ಅನ್ಯಾಯದ್ದೆಂದು ನಾನು ದೃಢವಾಗಿ ನಂಬುತ್ತೇನೆ. ಆತನು ಅನ್ಯರಿಗೆ ಬೋಧಿಸಿದ ಯಂತ್ರದಲ್ಲಿ ಮೊದಲು ತನ್ನ ದೇಹವನ್ನೇ ಕೂರಿಸಿದ್ದನು. ಸಾಮಾನ್ಯನ ಕೈಗಳ ಮೇಲೆ ಆತನಿಟ್ಟ ವಿಶ್ವಾಸ ಹುಸಿಯಾಗಲಿಲ್ಲ: ಬಿದ್ದ ವಿಮಾನಗಳ ಕತೆಯನ್ನು ಓದುವಾಗ ನನ್ನ ಎದೆಯನ್ನು ಹಿಂಡುವುದು ಬಡಗಿತನದ ಲೋಪವಲ್ಲ, ನಕ್ಷೆಯನ್ನು ಶ್ರದ್ಧೆಯಿಂದ ಅನುಸರಿಸಿದವನು ನಕ್ಷೆಯ ದೋಷವನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಿದನೆಂಬ ಸಂಗತಿ.

ಮುಂದೆ ಸಂದನ್ನೂ ರೆಕ್ಕೆಗಳನ್ನೂ ತಿದ್ದಿದ ಹೇನುಗಳು ಹಾರಿದವು. ದೇಶದೇಶಗಳಲ್ಲಿ ಅಲೆಯುತ್ತ, 1965ರಲ್ಲಿ ತೀರಿಕೊಳ್ಳುವವರೆಗೂ ಮಿನ್ಯೆ ಅದೇ ಜೋಡಿರೆಕ್ಕೆಯ ಮಾರ್ಗವನ್ನು ಬಿಡಲಿಲ್ಲ. ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜಾರ್ಜ್ ಬೊಗಾರ್ಡಸನು ಮನೆಯಲ್ಲಿ ಕಟ್ಟಿದ ವಿಮಾನವೊಂದನ್ನು ಆರೆಗಾನ್‌ನಿಂದ ರಾಜಧಾನಿ ವಾಷಿಂಗ್ಟನ್‌ವರೆಗೆ ಹಾರಿಸಿಕೊಂಡು ಹೋಗಿ, ಹವ್ಯಾಸಿಗಳಿಗೆ ಸರಕಾರದ ಮನ್ನಣೆಯನ್ನು ಕೇಳಿದನು; 1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಸಂಗಡಿಗರು ಇಂಥವರ ಸಂಘವನ್ನು ಸ್ಥಾಪಿಸಿದರು. ಬ್ರಿಟನ್ನಿನಲ್ಲಿ 1946ರಲ್ಲಿಯೇ ಅಂಥದೊಂದು ಸಂಘ ಏರ್ಪಟ್ಟಿದ್ದಿತು. ಆ ಬ್ರಿಟಿಷ್ ಸಂಘದ ಪರಂಪರೆಯಲ್ಲಿ, ವಿಮಾನ ಕಟ್ಟುವವನು ರೆಕ್ಕೆಯ ಚೌಕಟ್ಟನ್ನು ಮುಗಿಸಿದೊಡನೆ ಬಟ್ಟೆ ಹೊದಿಸುವಂತಿಲ್ಲ. ಕೆಲಸವನ್ನು ಬಲ್ಲ ಪರೀಕ್ಷಕನೊಬ್ಬನು ಬರುವನು. ತೆರೆದಿರುವ ಮರದ ಎಲುಬುಗಳ ನಡುವೆ ಕೈಯಾಡಿಸಿ, ಅಂಟಿನ ಬೆಸುಗೆಗಳನ್ನು ಒಂದೊಂದಾಗಿ ನೋಡಿ, ಪುಸ್ತಕದಲ್ಲಿ ರುಜು ಹಾಕಿದ ಬಳಿಕವೇ ಮನೆಯವರು ಬಟ್ಟೆಯ ಸುರುಳಿಯನ್ನು ಬಿಚ್ಚುವರು.