ಮೀಟರಿಲ್ಲದ ಅಪರಾಧಗಳು

1896ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಪ್ಯಾಡಕ್ ವುಡ್ ಎಂಬ ಊರಿನ ಬೀದಿಯಲ್ಲಿ ಕುದುರೆಯಿಲ್ಲದ ಗಾಡಿಯೊಂದು ಹಾದುಹೋಯಿತು. ಓಡಿಸುತ್ತಿದ್ದವನು ವಾಲ್ಟರ್ ಆರ್ನಾಲ್ಡ್. ಪೇದೆಯೊಬ್ಬ ಸೈಕಲ್ ಏರಿ ಬೆನ್ನಟ್ಟಿ ಹಿಡಿದ. ಊರೊಳಗಿನ ಮಿತಿ ಗಂಟೆಗೆ 2 ಮೈಲಿ, ಈತ 8 ಮೈಲಿಯಲ್ಲಿದ್ದ ಎಂಬುದು ಆರೋಪ. ಎರಡು ಮೈಲಿ ಎಂದರೆ ನಾವು ತರಕಾರಿ ಚೀಲ ಹಿಡಿದು ನಡೆಯುವುದಕ್ಕಿಂತಲೂ ನಿಧಾನ! ಅತಿವೇಗಕ್ಕೆ ಬಿದ್ದ ದಂಡ ಒಂದು ಶಿಲ್ಲಿಂಗ್. ಬ್ರಿಟನ್ನಿನಲ್ಲಿ ಈ ತಪ್ಪಿಗೆ ಶಿಕ್ಷೆಯಾದ ಮೊದಲ ಕಾರು ಚಾಲಕ ಈತನೇ.

ಅದೇ ನವೆಂಬರಿನಲ್ಲಿ ಮಿತಿ 14 ಮೈಲಿಗೆ ಏರಿತು, 1903ರ ಕಾಯ್ದೆಯಲ್ಲಿ 20ಕ್ಕೆ. ಆದರೆ ಹೊಸ ಕಾರುಗಳಿಗೆ ಸ್ಪೀಡೋಮೀಟರ್ ಕಡ್ಡಾಯವಾದದ್ದು 1937ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಎಷ್ಟೋ ಚಾಲಕರು ಗಾಳಿಯ ಹೊಡೆತ, ಎಂಜಿನ್ನಿನ ಸದ್ದು ನೋಡಿಕೊಂಡೇ ತಮ್ಮ ವೇಗ ಊಹಿಸಬೇಕಿತ್ತು. ಊಹೆ ತಪ್ಪಿದರೆ ಹೊಣೆ ಅವರದೇ. 'ನನಗೆ ಗೊತ್ತಾಗಲಿಲ್ಲ' ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆಯಿರಲಿಲ್ಲ, ಈಗಲೂ ಇಲ್ಲ.

ಕುತೂಹಲದ ಸಂಗತಿಯೆಂದರೆ ಕಾನೂನು ಪೊಲೀಸರ ಊಹೆಯನ್ನೂ ಪೂರ್ತಿ ನಂಬಲಿಲ್ಲ. ಒಬ್ಬನೇ ಸಾಕ್ಷಿಯ ಬರೀ ಅಭಿಪ್ರಾಯದ ಮೇಲೆ ಅತಿವೇಗಕ್ಕೆ ಶಿಕ್ಷಿಸಬಾರದೆಂದು 1903ರ ಕಾಯ್ದೆ ಹೇಳಿತು. ಪೊಲೀಸರು ಅಳೆದಿಟ್ಟ ದೂರದ ಎರಡು ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಪೊದೆಗಳ ಹಿಂದೆ ಅಡಗಿದರು. ಚಾಲಕರನ್ನು ಎಚ್ಚರಿಸಲೆಂದೇ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿತು. ಮುಂದೆ ಅದರ ಕಾವಲುಗಾರ ಸದಸ್ಯನಿಗೆ ಸಲಾಮು ಹೊಡೆಯದಿದ್ದರೆ 'ಮುಂದೆ ಬಲೆಯಿದೆ' ಎಂದರ್ಥವಾಯಿತು. ಸುಮ್ಮನಿದ್ದುದಕ್ಕೆ ಯಾರ ಮೇಲೆ ಕೇಸು ಹಾಕುವುದು? ಒಬ್ಬನೇ ಸಾಕ್ಷಿಯ ಆ ನಿಯಮ ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಲ್ಲೂ ಉಳಿದುಕೊಂಡಿದೆ. ಯಂತ್ರದಿಂದ ಅಳೆದಿದ್ದರೆ ಮಾತು ಬೇರೆ.

ಕುಡಿತದ ಕಥೆ ಇನ್ನೂ ತೊಡಕಿನದು. 1897ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕ ಜಾರ್ಜ್ ಸ್ಮಿತ್ ನ್ಯೂ ಬಾಂಡ್ ಬೀದಿಯ ಕಟ್ಟಡವೊಂದಕ್ಕೆ ವಿದ್ಯುತ್ ಗಾಡಿ ಗುದ್ದಿ ಸಿಕ್ಕಿಬಿದ್ದ. ಆಗ ಇದ್ದ ಕಾನೂನು 1872ರದು, ಕುಡಿದು ಕುದುರೆ, ದನ, ಗಾಡಿ, ಉಗಿಯಂತ್ರ ನಡೆಸುವವರಿಗೆ ಬರೆದದ್ದು. ಅದರಲ್ಲಿ ಪ್ರಮಾಣದ ಮಾತೇ ಇಲ್ಲ. ಮುಂದೆ ದಶಕಗಳ ಕಾಲ ವೈದ್ಯರು ಆರೋಪಿಯನ್ನು ನೆಟ್ಟಗೆ ಗೆರೆಯ ಮೇಲೆ ನಡೆಸಿ ನೋಡುತ್ತಿದ್ದರು. ರಕ್ತದಲ್ಲಿನ ಮದ್ಯಕ್ಕೆ ಅಂಕಿಯ ಮಿತಿಯನ್ನು 1936ರಲ್ಲೇ ನಾರ್ವೆ ತಂದಿತ್ತು. ಬ್ರಿಟನ್ನಿನಲ್ಲಿ ಅದು ಬಂದದ್ದು 1967ರಲ್ಲಿ, ಸಚಿವೆ ಬಾರ್ಬರಾ ಕ್ಯಾಸಲ್ ಕಾಲದಲ್ಲಿ: 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂಬುದೇ ಟೀಕಾಕಾರರಿಗೆ ದೊಡ್ಡ ಅಸ್ತ್ರ. ಭಾರತದ ಮಿತಿ 30 ಮಿಲಿಗ್ರಾಂ.

ನನಗೆ ಕಾಡುವುದು ಇದು. ಕುಡಿಯುವವನಿಗೆ ಗೊತ್ತಿರುವುದು ಗ್ಲಾಸಿನ ಲೆಕ್ಕ, ಕಾನೂನು ಕೇಳುವುದು ರಕ್ತದ ಲೆಕ್ಕ. ದೇಹದ ತೂಕ, ಹೊಟ್ಟೆಯಲ್ಲಿರುವ ಊಟ, ಕಳೆದ ಸಮಯಕ್ಕೆ ತಕ್ಕಂತೆ ಎರಡರ ನಂಟು ಬದಲಾಗುತ್ತದೆ. ಮೇಲಾಗಿ, ಅಳೆಯಬೇಕಾದ ಬುದ್ಧಿಯನ್ನೇ ಮದ್ಯ ಮೊದಲು ಮಂಕು ಮಾಡುತ್ತದೆ. ವೇಗದ ಮೀಟರ್ ಚಾಲಕನ ಕಣ್ಣೆದುರಿಗೆ ಬಂತು, ಮದ್ಯದ ಮೀಟರ್ ಪೊಲೀಸರ ಕೈಯಲ್ಲೇ ಉಳಿಯಿತು. ಫ್ರಾನ್ಸ್ ಮಾತ್ರ 2012ರ ಜುಲೈಯಿಂದ ಪ್ರತಿ ಕಾರಿನಲ್ಲೂ ಉಸಿರು ಪರೀಕ್ಷೆಯ ಕೊಳವೆ ಇರಲೇಬೇಕೆಂದಿತು. ಇಡದವರಿಗೆ ಹಾಕಬೇಕಿದ್ದ 11 ಯೂರೋ ದಂಡ ಜಾರಿಗೆ ಬರಲೇ ಇಲ್ಲ. 2020ರಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು.