ಹಲಗಲಿಯ ಲಾವಣಿ ಮತ್ತು ಒಂದು ನೌಕರಿಯ ಪ್ರಶ್ನೆ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಲೋಕಾಪುರದ ಬಸ್ ನಿಲ್ದಾಣದಲ್ಲಿ ಪರಿಚಯದ ಹುಡುಗನೊಬ್ಬ ಸಿಕ್ಕ. ಬಿ.ಎ. ಕೊನೆಯ ವರ್ಷ. ಮುಂದೆ ಬುಡಕಟ್ಟುಗಳ ಚರಿತ್ರೆ ಓದುವ ಆಸೆ. "ಅಣ್ಣಾ, ಓದೂದೇನ ಓದ್ತೀನಿ. ಆದ್ರ ಅದನ್ನ ಓದಿದವ್ರಿಗೆ ಎಲ್ಲಿ ನೌಕರಿ ಸಿಗತೈತಿ? ಮನ್ಯಾಗ ಅಪ್ಪ ಕೇಳಾಕತ್ತಾನ" ಅಂದ. ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿರುವ ನನಗೂ ಮನೆಯಲ್ಲಿ ಅದೇ ಪ್ರಶ್ನೆ. ಅಷ್ಟರಲ್ಲಿ ಅವನ ಬಸ್ ಬಂತು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಮುಧೋಳ ತಾಲೂಕಿನಲ್ಲೇ ಹಲಗಲಿ ಇದೆ. 1857ರಲ್ಲಿ ಕಂಪನಿ ಸರ್ಕಾರ ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದೆಂದು ಕಾನೂನು ಮಾಡಿತು. ಬೇಟೆಯನ್ನು ನಂಬಿದ ಬೇಡರಿಗೆ ಆಯುಧ ಒಪ್ಪಿಸುವುದೆಂದರೆ ಕಸುಬನ್ನೂ ಮಾನವನ್ನೂ ಒಟ್ಟಿಗೇ ಒಪ್ಪಿಸಿದಂತೆ. ಅವರು ಕೊಡಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಹಲಗಲಿಗೆ ನುಗ್ಗಿ ಬೆಂಕಿ ಇಟ್ಟಿತು. ಸುಮಾರು ನೂರು ಜನ ಸತ್ತರು, 290 ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ ಆರು ಮಂದಿಯನ್ನು ಗಲ್ಲಿಗೇರಿಸಲಾಯಿತು.

ಈ ಅಂಕಿಗಳು ಸರ್ಕಾರದ ಲೆಕ್ಕ. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಜನರ ಬಾಯಲ್ಲಿ ಉಳಿದದ್ದು ಲಾವಣಿಯಿಂದ. ಎಸ್ಸೆಸ್ಸೆಲ್ಸಿಯಲ್ಲಿ ಅದು ನಮಗೆಲ್ಲ ಪಠ್ಯವಾಗಿತ್ತು. ಬಯಲಲ್ಲಿ ಹಾಡುತ್ತಿದ್ದ ಪದ ಪುಸ್ತಕದೊಳಗೆ ಬಂದದ್ದು ಹೇಗೆ? ಅದನ್ನು ಸಾಗಿಸಿದವರು ಯಾವ ಸಂಬಳದ ಮೇಲೆ ಸಾಗಿಸಿದರು?

ಮೊದಲಿಗರು ಕಟ್ಟಿ ಹಾಡಿದವರು. ಅವರಿಗೆ ಸಂಬಳವಿರಲಿಲ್ಲ. ಎರಡನೆಯವನು ಜೆ.ಎಫ್. ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತ್ಯದ ಕಂದಾಯ ಸೇವೆಗೆ ಬಂದ ಅಧಿಕಾರಿ. ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ. ಅವನ ಊಟ ನಡೆದದ್ದು ಕಂದಾಯದಿಂದ, ಹಾಡು ಹವ್ಯಾಸ. ಮೂರನೆಯವರು ಬಿ.ಎಸ್. ಗದ್ದಗಿಮಠ. ಜನಪದ ಗೀತೆಗಳ ಮೇಲೆ ಡಾಕ್ಟರೇಟ್ ಮಾಡಿ, ಲಾವಣಿಯನ್ನು ವಿಶ್ವವಿದ್ಯಾಲಯದ ಒಳಗೆ ತಂದರು. ಕೊನೆಗೆ ಪಠ್ಯಪುಸ್ತಕ ಮಾಡಿದವರು, ಪಾಠ ಹೇಳಿದ ಮೇಷ್ಟ್ರುಗಳು.

'ಬುಡಕಟ್ಟು ತಜ್ಞ' ಎಂಬ ಹುದ್ದೆ ಇವರಲ್ಲಿ ಯಾರಿಗೂ ಇರಲಿಲ್ಲ. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಫ್ಲೀಟ್‌ನ ಕಾಲದಲ್ಲಿ ಇಂಥ ಸಮುದಾಯಗಳ ಬಗೆಗಿನ ತಿಳಿವಳಿಕೆ ಸರ್ಕಾರಕ್ಕೆ ಬೇಕಿದ್ದದ್ದು ಆಳುವುದಕ್ಕೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿದ್ದು ಆಗಲೇ.

ಇಂದು ಹುದ್ದೆಗಳಿವೆ, ಕಡಿಮೆ ಇವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಮೈಸೂರಿನಲ್ಲಿ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಕೇಂದ್ರ, ಭಾರತೀಯ ಭಾಷಾ ಸಂಸ್ಥಾನ ಇವೆ. ಪರಿಶಿಷ್ಟ ಪಂಗಡದ ಸಂಶೋಧಕರಿಗೆ ಕೇಂದ್ರ ಸರ್ಕಾರ ವರ್ಷಕ್ಕೆ 750 ಫೆಲೋಶಿಪ್ ಕೊಡುತ್ತದೆ. ಯುಜಿಸಿ ನೆಟ್‌ನಲ್ಲಿ ಜಾನಪದ ಸಾಹಿತ್ಯವೂ ಮಾನವಶಾಸ್ತ್ರವೂ ವಿಷಯಗಳೇ. ಆದರೆ ಖಾಯಂ ಹುದ್ದೆ ಸಿಗುವವರೆಗೆ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರನ್ನು ನೋಡುತ್ತಲೇ ಇದ್ದೇನೆ. ಅದನ್ನು ಮುಚ್ಚಿಟ್ಟು ಯಾರಿಗೂ ಆಸೆ ಹುಟ್ಟಿಸಬಾರದು.

ಹುದ್ದೆಗಳ ಪಟ್ಟಿಯಲ್ಲಿ ಕಾಣದ ಕೆಲಸವೊಂದು ಬಿಳಿಗಿರಿರಂಗನಬೆಟ್ಟದಲ್ಲಿ ನಡೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ, ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಹಕ್ಕಿಗೆ ಸಾಕ್ಷ್ಯ. ಅಲ್ಲಿನ ಸೋಲಿಗರು ಸಂಶೋಧಕರ ಜೊತೆ ಕಾಡು ಸುತ್ತಿ, ತಮ್ಮ ದೇವರ ನೆಲೆಗಳನ್ನೆಲ್ಲ ನಕ್ಷೆಗೆ ಇಳಿಸಿದರು. 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಈ ಹೋರಾಟದಲ್ಲಿದ್ದ ಸಿ. ಮಾದೇಗೌಡರು ಸೋಲಿಗರಲ್ಲೇ ಮೊದಲು ಪಿಎಚ್.ಡಿ. ಪಡೆದವರು. ಹಲಗಲಿಯ ನೆನಪಿಗೆ ಸರ್ಕಾರದ ಮುಂದೆ ಬೆಲೆ ಇರಲಿಲ್ಲ. ಸೋಲಿಗರ ನೆನಪು ಕಾನೂನಿನ ಕಾಗದವಾಯಿತು. ಕೇಳಿಸಿಕೊಳ್ಳಲು, ಬರೆದಿಡಲು, ನಕ್ಷೆ ಮಾಡಲು ಬಲ್ಲವರು ಬೇಕಾಗುವುದು ಇಂಥಲ್ಲಿ.

ಹಾಗಾಗಿ ಆ ಹುಡುಗನಿಗೆ ನಾನು ಹೇಳುವುದಿಷ್ಟು. ಈ ಓದಿನ ಜೊತೆಗೆ ಕೈಗೊಂದು ಕಸುಬು ಇರಲಿ. ಮೋಡಿ ಲಿಪಿ ಕಲಿ. ಮರಾಠಾ ಸಂಸ್ಥಾನಗಳ ಹಳೆಯ ದಫ್ತರಗಳು ಬಹುಪಾಲು ಅದರಲ್ಲೇ ಇವೆ. ಓದಬಲ್ಲ ಕನ್ನಡಿಗರು ಕಡಿಮೆ. ಇಲ್ಲವೇ ನಕ್ಷೆ ಮಾಡುವುದನ್ನು, ಧ್ವನಿಮುದ್ರಣವನ್ನು, ಅನುವಾದವನ್ನು ಕಲಿ. ಪತ್ರಾಗಾರ, ವಸ್ತುಸಂಗ್ರಹಾಲಯ, ಪಠ್ಯಪುಸ್ತಕ, ಗ್ರಾಮಸಭೆ ಎಲ್ಲ ಕಡೆಗೂ ಅದು ಉಪಯೋಗಕ್ಕೆ ಬರುತ್ತದೆ.

ನನ್ನ ಫೆಲೋಶಿಪ್ ಮುಂದಿನ ವರ್ಷ ಮುಗಿಯುತ್ತದೆ. ಆಮೇಲೇನು ಎಂಬುದು ನನಗೂ ಖಚಿತವಿಲ್ಲ. ನಾನೂ ಮೋಡಿಯ ಅಕ್ಷರ ತಿದ್ದುತ್ತಿದ್ದೇನೆ. ಆದರೆ ಹಲಗಲಿಯಲ್ಲಿ ಯಾರೇ ಹಿರಿಯರು ಹಾಡಿದರೂ, ಹಾಡಿದವರ ಹೆಸರನ್ನು ಮೊದಲು ಬರೆದುಕೊಂಡು, ಅವರ ಆ ದಿನದ ಕೂಲಿಯನ್ನು ಕೊಟ್ಟು, ಆಮೇಲಷ್ಟೇ ಮುದ್ರಿಸಿಕೊಳ್ಳುತ್ತೇನೆ. ಆ ಸಾಲಿನಲ್ಲಿ ಮೊದಲು ನಿಂತವರಿಗೆ ಇಲ್ಲದ ಸಂಬಳದ ಲೆಕ್ಕ ಅಲ್ಲಿಂದಲಾದರೂ ಶುರುವಾಗಲಿ.